ಸೂತಕವೂ ಪೇಟವೂ: ಶ್ರೀ ಚಾಮರಾಜೇಂದ್ರ ಒಡೆಯರ ಜೀವನ

ಬೆಂಗಳೂರಿನ ಹಳೆಯ ಪೇಟೆಯ ಪಕ್ಕದಲ್ಲಿ 1892ರಲ್ಲಿ ನೇರವಾದ ಬೀದಿಗಳನ್ನು ಹಾಕಿ ಕಟ್ಟಿದ ಬಡಾವಣೆಯೇ ಚಾಮರಾಜಪೇಟೆ. ಪ್ಲೇಗಿನ ಮಾರಿ ಬಂದ ಮೇಲೆ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಿಗಿಂತ ಅದು ಹಿರಿಯದು. ಆ ಹೆಸರನ್ನು ದಿನಕ್ಕೆ ಹತ್ತು ಸಲ ಉಚ್ಚರಿಸುವ ನಮ್ಮಲ್ಲಿ ಎಷ್ಟು ಮಂದಿಗೆ ಆ ದೊರೆಯ ಪರಿಚಯವುಂಟು? ಅವರ ಅಜ್ಜ ಮುಮ್ಮಡಿ ಕೃಷ್ಣರಾಜ ಒಡೆಯರನ್ನೂ ಮಗ ನಾಲ್ವಡಿ ಕೃಷ್ಣರಾಜ ಒಡೆಯರನ್ನೂ ನಾಡು ಚೆನ್ನಾಗಿ ಬಲ್ಲದು. ನಡುವಣ ಹತ್ತನೆಯ ಚಾಮರಾಜೇಂದ್ರ ಒಡೆಯರು ಮಾತ್ರ ಇಬ್ಬರು ಎತ್ತರದವರ ನಡುವೆ ನಿಂತವರಂತೆ ಕಣ್ಣಿಗೆ ಬೀಳುವುದಿಲ್ಲ. ಮೂವತ್ತೊಂದೇ ವರ್ಷ ಬದುಕಿದ ಈ ಅರಸರ ಜೀವನವನ್ನು ಸ್ಥೂಲವಾಗಿ ನಿರೂಪಿಸುವುದೇ ಈ ಪುಟ್ಟ ಲೇಖನದ ಉದ್ದೇಶ. ಅದನ್ನು ಯುದ್ಧ, ಒಪ್ಪಂದಗಳಿಂದ ಅಳೆಯದೆ ತಲೆಯ ಮೇಲಿನ ಪೇಟದಿಂದ ಅಳೆಯಲು ಹೊರಟಿದ್ದೇನೆ. ಏಕೆಂದರೆ ಅವರ ಬದುಕಿನ ಮೊದಲಲ್ಲಿಯೂ ಕೊನೆಯಲ್ಲಿಯೂ ಒಂದೊಂದು ಸಾವಿದೆ. ಆ ಎರಡು ಸಾವುಗಳ ಬೆನ್ನಿಗೇ ಒಂದೊಂದು ಎಳೆಯ ತಲೆಗೆ ದೊರೆತನದ ಪೇಟ ಏರಿದೆ.

ಚಾಮರಾಜೇಂದ್ರರು ಜನಿಸಿದ್ದು 1863ನೆಯ ಇಸವಿ ಫೆಬ್ರವರಿ 22ರಂದು, ಮೈಸೂರಿನಲ್ಲಿ. ತಾಯಿ ಪುಟ್ಟಮ್ಮಣ್ಣಿಯವರು ಮುಮ್ಮಡಿಯವರ ಮಗಳು. ತಂದೆ ಬೆಟ್ಟದಕೋಟೆ ಮನೆತನದ ಚಿಕ್ಕಕೃಷ್ಣರಾಜ ಅರಸಿನವರು. ಮಗು ಹುಟ್ಟುವುದಕ್ಕೆ ಕೆಲವೇ ದಿನ ಮುಂಚೆ ತಂದೆ ತೀರಿಕೊಂಡಿದ್ದರು. ಆಗ ಮೈಸೂರು ಹೆಸರಿಗೆ ಮಾತ್ರ ಒಡೆಯರದು. 1831ರಲ್ಲಿ ಇಂಗ್ಲಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡಿದ್ದರು. ಬೆಂಗಳೂರಿನಲ್ಲಿ ಕುಳಿತ ಕಮಿಷನರು ರಾಜ್ಯಭಾರ ನಡೆಸುತ್ತಿದ್ದರು. ಮುಮ್ಮಡಿಯವರು 1865ರಲ್ಲಿ ಈ ಮೊಮ್ಮಗನನ್ನು ದತ್ತು ತೆಗೆದುಕೊಂಡರು. ಆ ದತ್ತಕವನ್ನು ಇಂಗ್ಲಿಷ್ ಸರ್ಕಾರ ಒಪ್ಪುವುದೋ ಇಲ್ಲವೋ ಎಂಬುದರ ಮೇಲೆ ಇಡೀ ಸಂಸ್ಥಾನದ ಅಳಿವು ಉಳಿವು ನಿಂತಿತ್ತು. 1867ರಲ್ಲಿ ಒಪ್ಪಿಗೆ ದೊರೆಯಿತು. ಮರುವರ್ಷ ಮಾರ್ಚ್ 27ರಂದು ಮುಮ್ಮಡಿಯವರು ಕಾಲವಾದರು. ಅದೇ ವರ್ಷ ಸೆಪ್ಟೆಂಬರ್ 23ರಂದು ಐದೂವರೆ ವರ್ಷದ ಹುಡುಗನಿಗೆ ಪಟ್ಟವಾಯಿತು.

ಇಲ್ಲಿ ನಮ್ಮವರ ಶೋಕಾಚಾರವನ್ನು ಸ್ವಲ್ಪ ನೆನೆಯಬೇಕು. ನಮ್ಮಲ್ಲಿ ತಲೆಯನ್ನು ಮುಚ್ಚಿಕೊಳ್ಳುವುದು ಮರ್ಯಾದೆ. ಹಿರಿಯರ ಮುಂದೆಯಾಗಲಿ ದರ್ಬಾರಿನಲ್ಲಾಗಲಿ ಬರಿತಲೆಯಲ್ಲಿ ನಿಲ್ಲುವುದು ಒಂದು ಕಾಲಕ್ಕೆ ಅಗೌರವವಾಗಿತ್ತು. ಆದ್ದರಿಂದಲೇ ಮನೆಯಲ್ಲಿ ಸಾವಾದರೆ ಗಂಡಸಿನ ದುಃಖ ಮೊದಲು ಕಾಣುವುದು ತಲೆಯಲ್ಲಿ. ಕರ್ಮಕ್ಕೆ ಕುಳಿತ ಮಗ ತಲೆಯನ್ನೂ ಮೀಸೆಯನ್ನೂ ಬೋಳಿಸಿಕೊಳ್ಳುತ್ತಾನೆ. ರುಮಾಲು ಇಲ್ಲ, ಕಾಲಿಗೆ ಮೆಟ್ಟಿಲ್ಲ, ಮೈಗೆ ಅಂಗಿಯಿಲ್ಲ, ನೆಲದ ಮೇಲೆ ನಿದ್ರೆ. ಸೂತಕ ಕಳೆದ ಮೇಲೆ ಬಂಧುಗಳು ಹೊಸ ಬಟ್ಟೆ ಕೊಡುತ್ತಾರೆ. ನಮ್ಮ ಹಳ್ಳಿಯ ಕಡೆ ಹನ್ನೊಂದನೆಯ ದಿನ ಸೋದರಮಾವನೇ ಬಂದು ಹಿರಿಯ ಮಗನ ತಲೆಗೆ ಹೊಸ ರುಮಾಲು ಸುತ್ತುವ ವಾಡಿಕೆಯುಂಟು. ಇನ್ನು ಮೇಲೆ ಈ ಮನೆಗೆ ಇವನೇ ಯಜಮಾನ ಎಂದು ಅದರ ಅರ್ಥ. ನಮ್ಮ ತಾತ ತೀರಿಕೊಂಡಾಗ ನಮ್ಮ ತಂದೆಗೆ ಹದಿಮೂರು ವರ್ಷ. ಏಳನೆಯ ತರಗತಿಯಲ್ಲಿ ಓದುತ್ತಿದ್ದರು. ಹನ್ನೊಂದನೆಯ ದಿನ ತಲೆಗೆ ರುಮಾಲು ಬಂದಿತು; ಹನ್ನೆರಡನೆಯ ದಿನ ಕೈಗೆ ನೇಗಿಲು ಬಂದಿತು. ಅವರು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಚಾಮರಾಜೇಂದ್ರರ ಪಾಲಿಗೆ ಹಾಗಾಗಲಿಲ್ಲ. ಪೇಟ ಅವರ ತಲೆಯ ಮೇಲಿತ್ತು. ಭಾರ ಬೇರೆಯವರ ಹೆಗಲ ಮೇಲಿತ್ತು. 1869ರಿಂದ ಚರಿತ್ರಕಾರನೂ ಆಗಿದ್ದ ಕರ್ನಲ್ ಮ್ಯಾಲೆಸನ್ ಅವರ ಪಾಲಕನಾದ. ಪಾಠ, ಕುದುರೆ ಸವಾರಿ, ಸಂಗೀತ ಎಲ್ಲಕ್ಕೂ ಹುಡುಗನಿಗೆ ಅವಕಾಶ ದೊರೆಯಿತು. ಅವರು ಬೆಳೆಯುತ್ತಿರುವಾಗಲೇ 1876ರಿಂದ 78ರವರೆಗೆ ಭೀಕರ ಕ್ಷಾಮ ಬಂದು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಅಳಿದರು. 1881ರ ಮಾರ್ಚ್ 25ರಂದು, ಐವತ್ತು ವರ್ಷಗಳ ತರುವಾಯ, ರಾಜ್ಯ ಒಡೆಯರ ಕೈಗೆ ಹಿಂದಿರುಗಿದಾಗ ಖಜಾನೆಯ ಜೊತೆಗೆ ಕ್ಷಾಮದ ಸಾಲವೂ ಬಂದಿತು. ಹದಿನೆಂಟು ವರ್ಷದ ಯುವಕ ಅದನ್ನು ವಹಿಸಿಕೊಂಡರು.

ಮುಂದಿನ ಹದಿಮೂರು ವರ್ಷಗಳ ಕೆಲಸವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ದಿವಾನ್ ರಂಗಾಚಾರ್ಲುರವರ ಸಲಹೆಯಿಂದ 1881ರ ಅಕ್ಟೋಬರ್ 7ರಂದು 144 ಮಂದಿ ಸದಸ್ಯರ ಪ್ರಜಾಪ್ರತಿನಿಧಿ ಸಭೆ ಮೈಸೂರಿನಲ್ಲಿ ಸೇರಿತು. ರೈತರೂ ವರ್ತಕರೂ ಸರ್ಕಾರದ ಮುಂದೆ ಕುಂದುಕೊರತೆ ಹೇಳಿಕೊಳ್ಳಲು ಅದು ಅವಕಾಶವಾಯಿತು. 1883ರಲ್ಲಿ ರಂಗಾಚಾರ್ಲು ತೀರಿಕೊಂಡ ಮೇಲೆ ಶೇಷಾದ್ರಿ ಅಯ್ಯರ್ ದಿವಾನರಾದರು. ರೈಲು ದಾರಿಗಳು ಬೆಳೆದುವು, ಕೆರೆಗಳ ದುರಸ್ತಿಯಾಯಿತು, ಹೆಣ್ಣುಮಕ್ಕಳ ವಿದ್ಯೆಗೆ ಮೈಸೂರಿನಲ್ಲಿ ಮಹಾರಾಣಿಯವರ ಶಾಲೆ ತಲೆಯೆತ್ತಿತು. ಎಂಟು ವರ್ಷ ತುಂಬದ ಬಾಲಕಿಯರ ವಿವಾಹವನ್ನು 1894ರ ಕಾನೂನು ನಿಷೇಧಿಸಿತು. ಅರಸರು ಸ್ವತಃ ಪಿಟೀಲು ನುಡಿಸುವವರು. ಬಸವಪ್ಪ ಶಾಸ್ತ್ರಿಗಳಿಗೂ ವೀಣೆ ಶೇಷಣ್ಣನವರಿಗೂ ಆಶ್ರಯವಿತ್ತವರು. ಸ್ವಾಮಿ ವಿವೇಕಾನಂದರು 1892ರಲ್ಲಿ ಮೈಸೂರಿಗೆ ಬಂದಾಗ ಅವರನ್ನು ಗುರುತಿಸಿ ಸತ್ಕರಿಸಿದರು.

1889ರಲ್ಲಿ ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ರಾಜಕುಮಾರನು ಸಂಸ್ಥಾನಕ್ಕೆ ಅತಿಥಿಯಾಗಿ ಬಂದ. ಲಾಲ್‌ಬಾಗಿನ ಗಾಜಿನ ಮನೆಗೆ ನವೆಂಬರ್ 30ರಂದು ಅಸ್ತಿಭಾರ ಹಾಕಿದವನು ಅವನೇ. ಚಾಮರಾಜೇಂದ್ರರಿಗಿಂತ ಒಂದು ವರ್ಷ ಕಿರಿಯ. 1892ರ ಜನವರಿ 14ರಂದು, ಇಪ್ಪತ್ತೆಂಟರ ಪ್ರಾಯದಲ್ಲಿ, ಅವನು ಜ್ವರದಿಂದ ಸತ್ತ. ಇಂಗ್ಲೆಂಡು ಕಪ್ಪು ತೊಟ್ಟಿತು. ಅವರ ಶೋಕಾಚಾರ ನಮ್ಮದಕ್ಕೆ ಕೇವಲ ವಿರುದ್ಧ. ಅವರಲ್ಲಿ ಟೋಪಿ ತೆಗೆಯುವುದೇ ಮರ್ಯಾದೆ. ಆದರೆ ಆಪ್ತರು ಸತ್ತಾಗ ಆ ಟೋಪಿಯನ್ನು ಬಿಡದೆ ಅದರ ಸುತ್ತ ಕ್ರೇಪ್ ಎಂಬ ಹೊಳಪಿಲ್ಲದ ಕಪ್ಪು ಬಟ್ಟೆಯ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಸತ್ತವರು ಎಷ್ಟು ಹತ್ತಿರದವರೋ ಪಟ್ಟಿ ಅಷ್ಟು ಅಗಲ. ಹೆಂಡತಿಯನ್ನು ಕಳೆದುಕೊಂಡವನ ಪಟ್ಟಿ ಎಲ್ಲಕ್ಕಿಂತ ಅಗಲವಾಗಿ ಟೋಪಿಯನ್ನೆಲ್ಲ ಆವರಿಸುವಂತಿತ್ತು. ತಂದೆತಾಯಿಗಳಿಗೆ ಅದಕ್ಕಿಂತ ಕಿರಿದು, ದೂರದ ನಂಟರಿಗೆ ಇನ್ನೂ ಕಿರಿದು. ದಿನದ ಉಡುಪೇ ಕಪ್ಪಾಗಿದ್ದ ಆ ಕಾಲದ ಗಂಡಸಿಗೆ ದುಃಖವನ್ನು ಬೇರೆಯಾಗಿ ತೋರಿಸಲು ಟೋಪಿಯೇ ಮುಖ್ಯ ಸ್ಥಾನ. ಅದನ್ನು ತೊಟ್ಟೇ ಅವನು ಕಚೇರಿಗೂ ಅಂಗಡಿಗೂ ಹೋಗಿ ಬರುತ್ತಿದ್ದ. ಹೆಂಗಸರಿಗೆ ಈ ಸೌಲಭ್ಯವಿರಲಿಲ್ಲ. 1861ರಲ್ಲಿ ಪತಿಯನ್ನು ಕಳೆದುಕೊಂಡ ವಿಕ್ಟೋರಿಯಾ ರಾಣಿ 1901ರಲ್ಲಿ ತಾನು ಸಾಯುವವರೆಗೂ ಕಪ್ಪನ್ನು ಬಿಡಲಿಲ್ಲ.

ರಾಜಕುಮಾರ ಸತ್ತ ಮೂರು ವರ್ಷದೊಳಗೆ ಅವನ ಆತಿಥೇಯರ ಸರದಿ ಬಂದಿತು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರರು ಸಪರಿವಾರರಾಗಿ ಕಲ್ಕತ್ತೆಗೆ ಪ್ರಯಾಣ ಮಾಡಿದರು. ಅಲ್ಲಿ ಅವರಿಗೆ ಡಿಫ್ತೀರಿಯ, ಅಂದರೆ ಗಂಟಲಮಾರಿ ರೋಗ ತಗುಲಿತು. ಆ ರೋಗ ಗಂಟಲನ್ನು ಕಟ್ಟಿ ಉಸಿರನ್ನೇ ನಿಲ್ಲಿಸುವಂಥದು. ಡಿಸೆಂಬರ್ 28ರಂದು ದೊರೆಗಳು ತೀರಿಕೊಂಡರು. ಮೈಸೂರಿನ ಮಣ್ಣಿಗೆ ಮರಳುವ ಯೋಗವಿರಲಿಲ್ಲ. ಕಲ್ಕತ್ತೆಯಲ್ಲಿಯೇ, ಕಾಳೀಘಾಟಿನ ಬಳಿ, ಅಗ್ನಿಸಂಸ್ಕಾರವಾಯಿತು. ಹಬ್ಬಕ್ಕೆ ಬರುವಂತೆ ಬರಬೇಕಾಗಿದ್ದ ಪರಿವಾರ ದೊರೆಯಿಲ್ಲದೆ ಹಿಂದಿರುಗಿತು.

ಅವರ ಹಿರಿಯ ಮಗ ಕೃಷ್ಣರಾಜರಿಗೆ ಆಗ ಹತ್ತೂವರೆ ವರ್ಷ. ತಂದೆ ಸತ್ತ ಮೂವತ್ತೈದನೆಯ ದಿನ, 1895ರ ಫೆಬ್ರವರಿ 1ರಂದು, ಆ ಬಾಲಕನಿಗೆ ಪಟ್ಟವಾಯಿತು. ಇಪ್ಪತ್ತಾರು ವರ್ಷಗಳ ಹಿಂದೆ ತಂದೆಗಾದದ್ದೇ ಮಗನಿಗೂ ಆಯಿತು. ಆದರೆ ಈ ಸಲ ಭಾರ ಹೊತ್ತವರು ಪರದೇಶದವರಲ್ಲ. ಇನ್ನೂ ಮೂವತ್ತು ತುಂಬದ ವಿಧವೆ ತಾಯಿ, ವಾಣೀವಿಲಾಸ ಕೆಂಪನಂಜಮ್ಮಣ್ಣಿಯವರು. ದಿವಾನ್ ಶೇಷಾದ್ರಿ ಅಯ್ಯರ್ ಮೊದಲಾದವರ ನೆರವಿನಿಂದ ಅವರು ರೀಜೆಂಟರಾಗಿ 1902ರ ಆಗಸ್ಟ್ 8ರವರೆಗೆ ರಾಜ್ಯ ನಡೆಸಿದರು. ನಮ್ಮ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ 1897ರಲ್ಲಿ ಅಸ್ತಿಭಾರವಿಟ್ಟವರು ಅವರೇ. ಒಬ್ಬ ವಿಧವೆ ರಾಣಿಯ ಹೆಸರಿನ ಆಸ್ಪತ್ರೆಗೆ ಇನ್ನೊಬ್ಬ ವಿಧವೆ ರಾಣಿ ಕಲ್ಲು ಇಟ್ಟರು. ಆ ಏಳೂವರೆ ವರ್ಷ ಮಗ ಮಾಡಿದ ಕೆಲಸ ಒಂದೇ: ಓದಿದ್ದು. ಮುಂದೆ ನಾಲ್ವಡಿಯವರು ಏನಾದರೆಂಬುದನ್ನು ಕನ್ನಡಿಗರಿಗೆ ಹೇಳಬೇಕಾದುದಿಲ್ಲ.

ಇಂಗ್ಲಿಷರ ಕಪ್ಪು ಪಟ್ಟಿ, ಇವನು ದುಃಖದಲ್ಲಿದ್ದಾನೆ ಎಂದು ಊರಿಗೆ ತಿಳಿಸುತ್ತಿತ್ತು. ನಮ್ಮ ರುಮಾಲು ದುಃಖವನ್ನು ಬದಿಗಿಟ್ಟು ಏಳು ಎಂದು ದುಃಖಿತನಿಗೇ ತಿಳಿಸುತ್ತದೆ. ಎರಡನೆಯದು ಹೆಚ್ಚು ಕಠಿನವೆಂದು ನನಗೆ ಬಹುಕಾಲ ತೋರುತ್ತಿತ್ತು. ಚಾಮರಾಜೇಂದ್ರರ ಜೀವನವನ್ನು ಓದಿದ ಮೇಲೆ ಕಾಠಿಣ್ಯ ಪೇಟದಲ್ಲಿಲ್ಲ ಎನ್ನಿಸಿತು. ಎಳೆಯ ತಲೆಗೆ ಪೇಟ ಸುತ್ತುವುದು ಸುಲಭ. ಆ ತಲೆ ಬೆಳೆಯುವವರೆಗೆ ಭಾರವನ್ನು ಯಾರು ಹೊರುತ್ತಾರೆ ಎಂಬುದೇ ಪ್ರಶ್ನೆ. ಅರಮನೆಯಲ್ಲಿ ಹೊರುವವರಿದ್ದರು, ಅರಸು ಮಕ್ಕಳು ಓದಿ ದೊಡ್ಡವರಾದರು. ನಮ್ಮ ತಂದೆಯ ಮನೆಯಲ್ಲಿ ಯಾರೂ ಇರಲಿಲ್ಲ. ಇದ್ದ ಒಬ್ಬರು ಅವರೇ. ಇಂದಿಗೂ ಆ ರುಮಾಲನ್ನು ಕೆಳಗಿಳಿಸದೆ ಹೊಲಕ್ಕೆ ಹೋಗುತ್ತಿದ್ದಾರೆ. ಆದ್ದರಿಂದಲೇ ನಮ್ಮ ಮನೆತನದಲ್ಲಿ ಮೊದಲ ಬಾರಿಗೆ ಒಬ್ಬನು ಬಿ.ಎ. ಪರೀಕ್ಷೆಗೆ ಕುಳಿತುಕೊಳ್ಳುತ್ತಿದ್ದಾನೆ.