ತನ್ನ ಕೈಯನ್ನೇ ದೂರಿದ ವೈದ್ಯ

ವೈದ್ಯನನ್ನು ಮೆಚ್ಚಿಕೊಂಡಾಗ ನಮ್ಮ ಜನ ಅವನ ಪದವಿಯ ಮಾತೆತ್ತುವುದಿಲ್ಲ; ಅವನ ಕೈಗುಣ ಒಳ್ಳೆಯದೆನ್ನುತ್ತಾರೆ. ಅಂಥ ಕೈಯೇ ಮೃತ್ಯುವನ್ನು ಹೊತ್ತು ತಿರುಗುತ್ತಿದೆಯೆಂದು ವೈದ್ಯನೊಬ್ಬನಿಗೆ ಒಂದು ದಿನ ಹೊಳೆದರೆ ಅವನು ಏನು ಮಾಡಬೇಕು? ಸದ್ದಿಲ್ಲದೆ ಕೈ ತೊಳೆದುಕೊಂಡು ಮುಂದೆ ಸಾಗಬೇಕೆ, ಅಥವಾ ತೊಳೆದುಕೊಳ್ಳಬೇಕಾಗಿ ಬಂದ ಕಾರಣವನ್ನೂ ಲೋಕಕ್ಕೆ ಹೇಳಬೇಕೆ? ಹಂಗೆರಿಯ ಇಗ್ನಾಜ್ ಸೆಮ್ಮೆಲ್‌ವೈಸ್ ಎರಡನೆಯ ದಾರಿಯನ್ನು ಹಿಡಿದನು.

೧೮೧೮ರ ಜುಲೈ ೧ರಂದು ಬೂದಾ ನಗರದ ವರ್ತಕನೊಬ್ಬನ ಮನೆಯಲ್ಲಿ ಅವನು ಹುಟ್ಟಿದನು. ನ್ಯಾಯಶಾಸ್ತ್ರವನ್ನು ಓದಲು ವಿಯೆನ್ನಾಕ್ಕೆ ಹೋದವನು ವೈದ್ಯಶಾಸ್ತ್ರಕ್ಕೆ ಒಲಿದು, ೧೮೪೪ರಲ್ಲಿ ಪದವೀಧರನಾಗಿ, ೧೮೪೬ರಲ್ಲಿ ಅಲ್ಲಿನ ಸಾರ್ವಜನಿಕ ಆಸ್ಪತ್ರೆಯ ಮೊದಲನೆಯ ಹೆರಿಗೆ ವಿಭಾಗದಲ್ಲಿ ಸಹಾಯಕನಾದನು. ಅಲ್ಲಿ ಎರಡು ವಿಭಾಗಗಳಿದ್ದುವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ಬಂದ ದಿನವನ್ನು ನೋಡಿ ಬಸುರಿಯರನ್ನು ಒಂದಕ್ಕೋ ಇನ್ನೊಂದಕ್ಕೋ ಸೇರಿಸುತ್ತಿದ್ದರು. ೧೮೪೬ರಲ್ಲಿ ಮೊದಲನೆಯ ವಿಭಾಗದಲ್ಲಿ ನೂರಕ್ಕೆ ಹನ್ನೊಂದಕ್ಕೂ ಹೆಚ್ಚು ತಾಯಂದಿರು ಸತ್ತರು. ಎರಡನೆಯದರಲ್ಲಿ ಮೂವರಿಗಿಂತ ಕಡಿಮೆ. ಮೊದಲನೆಯದರಲ್ಲಿ ಅವರನ್ನು ಕೊಂಡೊಯ್ಯುತ್ತಿದ್ದುದು ಬಹುಪಾಲು ಸೂತಿಕಾಜ್ವರ, ಎಂದರೆ ಬಾಣಂತಿಯ ನಂಜು. ಪಂಡಿತರು ಇದಕ್ಕೆ ವಾಯುಮಂಡಲದ ವಿಕಾರವೇ ಕಾರಣವೆಂದರು. ಆದರೆ ವಿಯೆನ್ನಾದ ಬಡ ಹೆಂಗಸರಿಗೆ ನಿಜದ ಅರ್ಧ ಭಾಗ ಆಗಲೇ ಗೊತ್ತಿತ್ತು. ಮೊದಲನೆಯ ವಿಭಾಗಕ್ಕೆ ಕಳುಹಿಸಬೇಡಿರೆಂದು ಅವರು ಮೊಣಕಾಲೂರಿ ಕೈಮುಗಿದು ಬೇಡುತ್ತಿದ್ದರು. ಬೀದಿಯಲ್ಲಿ ಹೆತ್ತು ಆಮೇಲೆ ಆಸ್ಪತ್ರೆಗೆ ಬಂದವರಿಗೂ ಈ ಜ್ವರ ತಗಲುವುದು ಕಡಿಮೆಯೆಂಬುದನ್ನು ಸೆಮ್ಮೆಲ್‌ವೈಸ್ ಕಂಡುಕೊಂಡನು.

೧೮೪೭ರ ಮಾರ್ಚ್ ತಿಂಗಳಿನಲ್ಲಿ ಅವನ ಹಿರಿಯ ಮಿತ್ರ ಯಾಕೋಬ್ ಕೊಲೆಚ್ಕಾ ತೀರಿಕೊಂಡನು. ಶವಪರೀಕ್ಷೆಯ ಹೊತ್ತಿನಲ್ಲಿ ವಿದ್ಯಾರ್ಥಿಯೊಬ್ಬನ ಕತ್ತಿ ಅವನ ಬೆರಳಿಗೆ ತಗಲಿತ್ತು. ವೆನಿಸ್ಸಿನ ಪ್ರವಾಸದಿಂದ ಮರಳಿದ ಸೆಮ್ಮೆಲ್‌ವೈಸ್ ಮಿತ್ರನ ಶವಪರೀಕ್ಷೆಯ ವರದಿಯನ್ನು ಓದಿ ಬೆಚ್ಚಿದನು: ಅಲ್ಲಿದ್ದುದು ಬಾಣಂತಿಯರ ದೇಹಗಳಲ್ಲಿ ಅವನು ನಿತ್ಯ ಕಾಣುತ್ತಿದ್ದ ವಿಕೃತಿಗಳೇ. ಮಿತ್ರನ ರಕ್ತಕ್ಕೆ ಶವದ ನಂಜನ್ನು ಸೇರಿಸಿದ್ದು ಕತ್ತಿಯಾದರೆ, ತಾಯಂದಿರಿಗೆ ಅದನ್ನು ಸೇರಿಸುತ್ತಿದ್ದುದು ಯಾವುದು? ಶವಾಗಾರದಿಂದ ನೇರವಾಗಿ ಹೆರಿಗೆಯ ಮನೆಗೆ ಬರುತ್ತಿದ್ದ ವೈದ್ಯರ, ವಿದ್ಯಾರ್ಥಿಗಳ ಕೈ. ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ.

ಇಲ್ಲಿಯೇ ಈ ಬಾಳಿನ ದಾರುಣವಾದ ಘಟ್ಟವಿದೆ. ತಾಯಂದಿರು ಸಾಯುವುದೇಕೆಂದು ಅರಿಯುವ ಹಂಬಲದಿಂದಲೇ ಸೆಮ್ಮೆಲ್‌ವೈಸ್ ಬೆಳಗಿನ ವೇಳೆ ಸತ್ತವರ ದೇಹಗಳನ್ನು ಶೋಧಿಸಿ, ಆಮೇಲೆ ಬದುಕಿರುವವರ ಬಳಿಗೆ ಹೋಗುತ್ತಿದ್ದನು. ಸೋಮಾರಿಯಾದ ವೈದ್ಯನಾಗಿದ್ದರೆ ಅವನ ಕೈಯಿಂದ ಅಷ್ಟು ಜೀವಗಳು ಹೋಗುತ್ತಿರಲಿಲ್ಲ. ಅವನ ಶ್ರದ್ಧೆಯೇ ಕೊಲೆಗೆ ಸಾಧನವಾಗಿತ್ತು.

ಮೇ ತಿಂಗಳ ಮಧ್ಯದಿಂದ ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಯಬೇಕೆಂಬ ನಿಯಮವನ್ನು ಅವನು ಜಾರಿಗೆ ತಂದನು. ಏಪ್ರಿಲ್ ತಿಂಗಳಿನಲ್ಲಿ ನೂರಕ್ಕೆ ಹದಿನೆಂಟಿದ್ದ ಸಾವು ಜುಲೈ ವೇಳೆಗೆ ಒಂದರ ಸಮೀಪಕ್ಕೆ ಇಳಿಯಿತು. ಆದರೆ ಅಕ್ಟೋಬರಿನಲ್ಲಿ, ಗರ್ಭಕೋಶದ ಕ್ಯಾನ್ಸರ್ ಇದ್ದ ಹೆಂಗಸೊಬ್ಬಳನ್ನು ಪರೀಕ್ಷಿಸಿದ ಕೈಗಳೇ ಅದೇ ಸಾಲಿನ ಉಳಿದವರನ್ನೂ ಮುಟ್ಟಿದ್ದರಿಂದ, ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿ ಸತ್ತರು. ನಂಜು ಶವದಿಂದ ಮಾತ್ರವೇ ಬರುವುದೆಂದು ತಾನು ತಿಳಿದದ್ದು ತಪ್ಪೆಂದು ಒಪ್ಪಿ, ಒಬ್ಬೊಬ್ಬಳನ್ನು ನೋಡಿದ ಮೇಲೂ ಕೈ ತೊಳೆಯುವಂತೆ ಮಾಡಿದನು. ೧೮೪೮ರಲ್ಲಿ ಎರಡು ತಿಂಗಳು ಆ ವಿಭಾಗದಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ.

ಇಷ್ಟಾದರೂ ವೈದ್ಯಲೋಕದ ಬಹುಭಾಗ ಅವನನ್ನು ಒಪ್ಪಲಿಲ್ಲ. ಕಾರಣಗಳು ಹಲವು: ಸೂಕ್ಷ್ಮಾಣುಗಳ ಜ್ಞಾನ ಆಗ ಇರಲಿಲ್ಲ, ಮೇಲಧಿಕಾರಿ ಕ್ಲೈನನ ವಿರೋಧವಿತ್ತು, ಅವನೂ ಬಹುಕಾಲ ಲೇಖನಿ ಹಿಡಿಯಲಿಲ್ಲ. ಇವುಗಳಿಗಿಂತ ಆಳವಾದ ಕಾರಣವೊಂದಿತ್ತು. ಕೈ ತೊಳೆಯಲು ಒಪ್ಪುವುದೆಂದರೆ ನಿನ್ನೆಯವರೆಗೆ ತೊಳೆಯದಿದ್ದ ಕೈಯಿಂದ ಸತ್ತವರ ಲೆಕ್ಕವನ್ನೂ ಒಪ್ಪುವುದು. ಆ ಭಾರ ಎಂಥದೆಂಬುದಕ್ಕೆ ಕೀಲ್ ನಗರದ ಪ್ರಾಧ್ಯಾಪಕ ಮಿಖಾಯೆಲಿಸನೇ ಸಾಕ್ಷಿ. ಅವನು ಸತ್ಯವನ್ನು ಅರಿತು ಕೈ ತೊಳೆಯುವ ಪದ್ಧತಿಯನ್ನು ಕೂಡಲೆ ತಂದನು. ಆದರೆ ತಾನು ಪರೀಕ್ಷಿಸಿದ ಸೋದರಸಂಬಂಧಿ ಹೆಣ್ಣುಮಗಳೇ ಅದೇ ಜ್ವರದಿಂದ ತೀರಿಕೊಂಡಿದ್ದಳು. ಆ ಕೊರಗಿನಿಂದ ೧೮೪೮ರಲ್ಲಿ ರೈಲಿಗೆ ಸಿಕ್ಕಿ ಪ್ರಾಣ ಬಿಟ್ಟನು. ಒಪ್ಪಿಕೊಂಡವನಿಗೆ ಬದುಕಲಾಗಲಿಲ್ಲ, ಬದುಕಬೇಕೆಂದವರು ಒಪ್ಪಿಕೊಳ್ಳಲಿಲ್ಲ.

ಸೆಮ್ಮೆಲ್‌ವೈಸ್ ಒಪ್ಪಿಕೊಂಡೂ ಬದುಕಿದನು. ೧೮೫೦ರಲ್ಲಿ ಬೊಂಬೆಯ ಮೇಲೆ ಮಾತ್ರ ಪಾಠ ಹೇಳಲು ಅನುಮತಿ ದೊರೆತಾಗ ಮನನೊಂದು, ಮಿತ್ರರಿಗೂ ಹೇಳದೆ ಪೆಸ್ಟ್ ನಗರಕ್ಕೆ ಹೊರಟುಹೋದನು. ಅಲ್ಲಿನ ಸಂತ ರೋಖಸ್ ಆಸ್ಪತ್ರೆಯಲ್ಲಿ ಆರು ವರ್ಷಗಳಲ್ಲಿ ನಡೆದ ೯೩೩ ಹೆರಿಗೆಗಳಲ್ಲಿ ಈ ಜ್ವರದಿಂದ ಸತ್ತವರು ಎಂಟೇ ಮಂದಿ. ೧೮೬೧ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ, ತನ್ನ ದೆಸೆಯಿಂದ ಅಕಾಲದಲ್ಲಿ ಗೋರಿ ಸೇರಿದವರ ಸಂಖ್ಯೆ ದೇವರಿಗೊಬ್ಬನಿಗೇ ಗೊತ್ತೆಂದು ಒಪ್ಪಿಕೊಂಡನು. ಹೆಣಗಳೊಡನೆ ತನ್ನಷ್ಟು ವ್ಯವಹರಿಸಿದ ಪ್ರಸೂತಿವೈದ್ಯರು ವಿರಳವೆಂದೂ ಮರೆಮಾಚದೆ ಬರೆದನು.

ಆದರೆ ತನ್ನನ್ನು ದೂರಿಕೊಂಡಾಗ ಇದ್ದ ದೈನ್ಯ ಪರರನ್ನು ದೂರುವಾಗ ಉಳಿಯಲಿಲ್ಲ. ಬಹಿರಂಗ ಪತ್ರಗಳಲ್ಲಿ ಹೆಸರಾಂತ ಪ್ರಾಧ್ಯಾಪಕರನ್ನು ಕೊಲೆಗಡುಕರೆಂದು ಜರೆದನು. ಅವನ ಸಿಟ್ಟು ನ್ಯಾಯವಾದದ್ದೇ. ಆದರೆ ಅರೆತೆರೆದಿದ್ದ ಬಾಗಿಲುಗಳೂ ಅದರಿಂದ ಮುಚ್ಚಿದುವು. ಅವನ ಮನಸ್ಸಿನ ಸ್ವಾಸ್ಥ್ಯವೂ ಕೆಟ್ಟಿತು. ೧೮೬೫ರಲ್ಲಿ ಹಳೆಯ ಮಿತ್ರ ಹೆಬ್ರಾ ಬೇರೊಂದು ನೆಪ ಹೇಳಿ ಅವನನ್ನು ವಿಯೆನ್ನಾದ ಹುಚ್ಚಾಸ್ಪತ್ರೆಗೆ ಕರೆದೊಯ್ದನು. ಎರಡು ವಾರಗಳಲ್ಲಿ, ಆಗಸ್ಟ್ ೧೩ರಂದು, ಗಾಯವೊಂದು ನಂಜೇರಿ, ನಲವತ್ತೇಳನೆಯ ವಯಸ್ಸಿನಲ್ಲಿ ಅವನು ಅಲ್ಲಿ ಸತ್ತನು. ತಾಯಂದಿರನ್ನು ಒಯ್ದ ಬಗೆಯ ವಿಷವೇ ಅವನನ್ನೂ ಒಯ್ದಿತು. ಅದೇ ತಿಂಗಳಲ್ಲಿ ಗ್ಲಾಸ್ಗೋ ನಗರದಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯವೊಂದನ್ನು ಕಾಪಾಡುತ್ತಿದ್ದನು.

೧೯೬೯ರಲ್ಲಿ ಬುಡಾಪೆಸ್ಟಿನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೆಮ್ಮೆಲ್‌ವೈಸನ ಹೆಸರನ್ನಿಟ್ಟರು. ಗೌರವ ತಡವಾಗಿಯಾದರೂ ಬಂದಿತು. ಆದರೂ ಒಂದು ಮಾತು ಮನಸ್ಸನ್ನು ಕೊರೆಯುತ್ತದೆ. ಅವನ ತಪ್ಪೊಪ್ಪಿಗೆ ದೇವರನ್ನು ಸಾಕ್ಷಿಯಾಗಿಟ್ಟು ವೈದ್ಯರಿಗೆ ಬರೆದದ್ದು. ಮೊಣಕಾಲೂರಿ ಬೇಡಿಕೊಂಡ ಆ ಹೆಂಗಸರು ಅದನ್ನು ಕೇಳಲು ಉಳಿದಿರಲಿಲ್ಲ. ಅವರ ಕೂಸುಗಳ ಮನೆಬಾಗಿಲಿಗೆ ಹೋಗಲೆಂದು ಆ ಗ್ರಂಥ ಹುಟ್ಟಿರಲಿಲ್ಲ. ವೈದ್ಯನು ವೈದ್ಯನೆದುರು ಒಪ್ಪಿಕೊಳ್ಳುವುದು ಕಷ್ಟವೆಂಬುದನ್ನು ಈ ಬಾಳು ತೋರಿಸಿತು. ಅದಕ್ಕಿಂತ ಕಷ್ಟವಾದ ಇನ್ನೊಂದು ಮಾತು, ರೋಗಿಯ ಮನೆಯವರೆದುರು ನಿಂತು ಹೇಳಬೇಕಾದದ್ದು, ಅವನಿಂದಲೂ ಉಳಿದೇ ಹೋಯಿತು.