ಚೆಂಡು ಮುಟ್ಟಲ್ಲ ಎಂದ ಹುಡುಗರಿಗೆ ಈಜು ಕಲಿಸಿದ ಬಿಸ್ಕೋ ಮೇಷ್ಟ್ರು

ಕಾಶ್ಮೀರದ ಶ್ರೀನಗರದಲ್ಲಿ ಟಿಂಡೇಲ್ ಬಿಸ್ಕೋ ಶಾಲೆ ಅಂದ್ರೆ ಗೊತ್ತಿಲ್ಲದವರಿಲ್ಲ. ಆ ಹೆಸರಿನ ಹಿಂದಿರುವ ಮೇಷ್ಟ್ರು ಸೆಸಿಲ್ ಟಿಂಡೇಲ್ ಬಿಸ್ಕೋ. 1890ರಲ್ಲಿ ಇಂಗ್ಲೆಂಡಿನಿಂದ ಬಂದ ಈ ಪಾದ್ರಿ, 1947ರವರೆಗೂ ಅಲ್ಲಿನ ಕ್ರೈಸ್ತ ಮಿಷನ್ ಶಾಲೆಗಳನ್ನೇ ನಂಬಿ ಬದುಕಿದರು.

1863ರಲ್ಲಿ ಹುಟ್ಟಿದ ಬಿಸ್ಕೋ ಓದಿದ್ದು ಕೇಂಬ್ರಿಡ್ಜ್‌ನಲ್ಲಿ. ಆಳು ಸಣ್ಣ, ತೂಕ ಕಡಿಮೆ. ಹಾಗಾಗಿ ದೋಣಿ ಪಂದ್ಯದಲ್ಲಿ ಚುಕ್ಕಾಣಿ ಹಿಡಿಯುವ ಕೆಲಸ ಸಿಕ್ಕಿತು. 1884ರಲ್ಲಿ ಆಕ್ಸ್‌ಫರ್ಡ್ ತಂಡವನ್ನು ಸೋಲಿಸಿದ ಕೇಂಬ್ರಿಡ್ಜ್ ದೋಣಿಯಲ್ಲಿ ಚುಕ್ಕಾಣಿ ಇವರದ್ದೇ.

ಶ್ರೀನಗರದ ಶಾಲೆಯಲ್ಲಿ ಆಗ ಹೆಚ್ಚಿನವರು ಪಂಡಿತರ ಮನೆ ಹುಡುಗರು. ಓದಿನಲ್ಲಿ ಚುರುಕು. ಆದ್ರೆ ಮೈ ಬಗ್ಗಿಸೋದು ಕೀಳು ಕೆಲಸ, ಹುಟ್ಟು ಹಾಕೋದು ಅಂಬಿಗರ ಕೆಲಸ ಅನ್ನೋ ಭಾವನೆ ಇತ್ತು. 1891ರಲ್ಲಿ ಬಿಸ್ಕೋ ಫುಟ್‌ಬಾಲ್ ತಂದು ತೋರಿಸಿದಾಗ, ಅದು ಚರ್ಮದ್ದು, ಮುಟ್ಟಿದ್ರೆ ಮೈಲಿಗೆ ಅಂತ ಹುಡುಗರು ಹಿಂದೆ ಸರಿದರು. ಬಿಸ್ಕೋ ಬಿಡಲಿಲ್ಲ. ಕೋಲು ಹಿಡಿದ ಶಿಕ್ಷಕರ ಕಾವಲಿನಲ್ಲಿ ಮೈದಾನಕ್ಕೆ ನಡೆಸಿಕೊಂಡು ಹೋದರು. ಚೆಂಡು ಒಬ್ಬ ಹುಡುಗನ ಮುಖಕ್ಕೇ ಬಡಿಯಿತು. ಮೈಲಿಗೆಯಾಯ್ತು ಅಂತ ಅವನು ಅಳತೊಡಗಿದ. ಕಾಲುವೆಯಲ್ಲಿ ಮುಖ ತೊಳೆಸಿ ಕರೆತಂದರು. ಆಟ ಮುಂದುವರಿಯಿತು.

ಈ ಬಲವಂತ ಸರಿಯೇ ಅನ್ನೋ ಪ್ರಶ್ನೆ ಉಳಿದೇ ಇದೆ. ಮಕ್ಕಳ ಮನೆಯ ಆಚಾರವನ್ನು ಕೋಲಿನಿಂದ ಮುರಿಯೋದು ಇವತ್ತು ಯಾವ ಶಾಲೆಯಲ್ಲೂ ಒಪ್ಪುವಂಥದ್ದಲ್ಲ. ಆದ್ರೆ ಆಟ ಮೈದಾನದಲ್ಲೇ ನಿಲ್ಲಲಿಲ್ಲ ಅನ್ನೋದೂ ಅಷ್ಟೇ ನಿಜ.

ಝೇಲಂ ನದಿ ಊರಿನ ಮಧ್ಯೆ ಹರಿಯುತ್ತೆ, ಪಕ್ಕದಲ್ಲೇ ದಾಲ್ ಸರೋವರ. ಹೀಗಿದ್ದೂ ಎಷ್ಟೋ ಹುಡುಗರಿಗೆ ಈಜು ಬರ್ತಿರಲಿಲ್ಲ. ಬಿಸ್ಕೋ ಒಂದು ಉಪಾಯ ಮಾಡಿದರು. 13 ವರ್ಷದೊಳಗೆ ಈಜು ಪರೀಕ್ಷೆ ಪಾಸಾಗದಿದ್ದರೆ ಶಾಲೆಯ ಫೀಸು ಏರುತ್ತೆ, ಪಾಸಾಗುವವರೆಗೂ ವರ್ಷ ವರ್ಷ ಏರ್ತಾನೇ ಹೋಗುತ್ತೆ! ಜೇಬಿಗೆ ಬಿಸಿ ತಟ್ಟಿದ ಮೇಲೆ ಅಪ್ಪಂದಿರೇ ಮಕ್ಕಳನ್ನು ನೀರಿಗಿಳಿಸಿದರು. ಹೀಗೆ ಕಲಿತ ಹುಡುಗರು ಮುಂದೆ ದಾಲ್ ಸರೋವರವನ್ನೇ ಈಜಿ ದಾಟಿದರು, ಮುಳುಗುತ್ತಿದ್ದವರನ್ನು ಎಳೆದು ದಡ ಸೇರಿಸಿದರು.

ಊರಿಗೆ ಪ್ರವಾಹ ಬಂದರೆ ಶಾಲೆಯ ದೋಣಿಗಳು ಹೊರಡುತ್ತಿದ್ದವು. ಬೆಂಕಿ ಬಿದ್ದರೆ ಆರಿಸೋಕೆ ಹುಡುಗರು ಓಡುತ್ತಿದ್ದರು. ಕಾಲರಾ ಬಂದಾಗ ಬೀದಿ ಗುಡಿಸಿದರು. ಆಸ್ಪತ್ರೆಯ ರೋಗಿಗಳನ್ನು ದೋಣಿಯಲ್ಲಿ ಕೂರಿಸಿ ಗಾಳಿ ಸವಾರಿ ಮಾಡಿಸಿದರು. ಹುಟ್ಟು ಮುಟ್ಟೋಕೆ ನಾಚುತ್ತಿದ್ದ ಕೈಗಳೇ ಇವು. ಶಾಲೆಯ ಲಾಂಛನದಲ್ಲೂ ಎರಡು ಹುಟ್ಟುಗಳೇ ಇವೆ. ಅಂಕಪಟ್ಟಿಯಲ್ಲಿ ಪಾಠದ ಜೊತೆಗೆ ದೇಹಶ್ರಮಕ್ಕೂ ನಡತೆಗೂ ಅಂಕ ಇರ್ತಿತ್ತು.

ಟೀಕೆ ಎರಡೂ ಕಡೆಯಿಂದ ಬಂತು. ಜಾತಿ ಕೆಡಿಸ್ತಾನೆ ಅಂತ ಊರಿನವರು ಸಿಟ್ಟಾದರು. ಇಷ್ಟು ವರ್ಷವಾದರೂ ಮತಾಂತರ ಆಗಿಲ್ಲವಲ್ಲ ಅಂತ ಮಿಷನ್‌ನವರು ಗೊಣಗಿದರು. ಕ್ರೈಸ್ತರಾದವರು ಬೆರಳೆಣಿಕೆಯಷ್ಟೇ. ಬಿಸ್ಕೋ ತಮ್ಮ ದಾರಿ ಬದಲಿಸಲಿಲ್ಲ. ನೆರೆಯವನ ಕಷ್ಟಕ್ಕೆ ಇಳಿಯದ ವಿದ್ಯೆ ವಿದ್ಯೆಯಲ್ಲ ಅನ್ನೋದು ಅವರ ನಿಲುವು.

1947ರಲ್ಲಿ ಕಾಶ್ಮೀರ ಬಿಟ್ಟ ಬಿಸ್ಕೋ, 1949ರಲ್ಲಿ ಈಗ ಜಿಂಬಾಬ್ವೆ ಎನ್ನಿಸಿಕೊಂಡಿರುವ ದಕ್ಷಿಣ ರೊಡೇಷಿಯಾದಲ್ಲಿ ತೀರಿಕೊಂಡರು. ಶ್ರೀನಗರದ ಶಾಲೆ ಇಂದಿಗೂ ಅವರ ಹೆಸರಿನಲ್ಲೇ ನಡೀತಿದೆ.