98.6 ದಾಟಿದರೆ ಜ್ವರವೇ? ಆ ಅಂಕಿ ಕೊಟ್ಟ ವೈದ್ಯರ ಕಥೆ ಓದಿ

ಕೋವಿಡ್ ಕಾಲದಲ್ಲಿ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಶಿಫ್ಟ್‌ಗೆ ಹೋದವರಿಗೆ ಹಣೆಗೆ ಹಿಡಿಯುತ್ತಿದ್ದ ಗನ್ ನೆನಪಿರಬಹುದು. ಬಿಸಿಲಿನಲ್ಲಿ ನಡೆದು ಬಂದರೆ ಒಂದು ಅಂಕಿ, ಸ್ವಲ್ಪ ಹೊತ್ತು ನೆರಳಲ್ಲಿ ಕೂತು ಬಂದರೆ ಇನ್ನೊಂದು. ಮೈ ಒಂದೇ, ಅಂಕಿ ಬೇರೆ. ಆದರೂ ಮನೆಯಲ್ಲಿ ಮಗುವಿಗೆ 99 ತೋರಿಸಿದರೆ ಸಾಕು, ಜ್ವರದ ಸಿರಪ್ ಹೊರಗೆ ಬರುತ್ತದೆ. 98.6 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ ಎಂಬುದು ನಮ್ಮ ನಂಬಿಕೆ. ಈ ಅಂಕಿ ಬಂದದ್ದು ಎಲ್ಲಿಂದ?

ಹತ್ತು ಲಕ್ಷ ಬಾರಿ ಅಳೆದವರು

ಕಾರ್ಲ್ ವುಂಡರ್‌ಲಿಶ್ ಹುಟ್ಟಿದ್ದು 1815ರಲ್ಲಿ, ಜರ್ಮನಿಯಲ್ಲಿ. ವೈದ್ಯಶಾಸ್ತ್ರ ಓದಿದ್ದು ಟ್ಯೂಬಿಂಗನ್‌ನಲ್ಲಿ. 1850ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ಅಲ್ಲಿನ ಆಸ್ಪತ್ರೆಯ ಹೊಣೆ ಹೊತ್ತರು. ಆಗ ಹೆಚ್ಚಿನ ವೈದ್ಯರು ಜ್ವರವನ್ನು ಕೈ ಮುಟ್ಟಿ ನೋಡಿ ಹೇಳುತ್ತಿದ್ದರು. ಜ್ವರವೇ ಒಂದು ಕಾಯಿಲೆ ಎಂದೂ ನಂಬಿದ್ದರು.

ವುಂಡರ್‌ಲಿಶ್ ಪ್ರತಿ ರೋಗಿಯ ಮೈಬಿಸಿಯನ್ನು ದಿನದಿನವೂ ಅಳೆಸಿ ಬರೆಸಿಟ್ಟರು. ಅವರ ಥರ್ಮಾಮೀಟರ್ ಸುಮಾರು ಒಂದು ಅಡಿ ಉದ್ದ. ಕಂಕುಳಲ್ಲಿ 15ರಿಂದ 20 ನಿಮಿಷ ಇಟ್ಟುಕೊಂಡಿರಬೇಕಿತ್ತು. ಹೀಗೆ ಸುಮಾರು 25,000 ರೋಗಿಗಳಿಂದ ಹತ್ತು ಲಕ್ಷಕ್ಕೂ ಹೆಚ್ಚು ಅಳತೆ ತೆಗೆದರು ಎನ್ನುತ್ತಾರೆ. 1868ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿದರು. ಜ್ವರ ಕಾಯಿಲೆಯಲ್ಲ, ಕಾಯಿಲೆಯ ಲಕ್ಷಣ ಎಂಬುದು ಅದರ ಸಾರ. ಆಸ್ಪತ್ರೆಯ ಹಾಸಿಗೆ ಪಕ್ಕ ಇಂದಿಗೂ ನೇತಾಡುವ ಜ್ವರದ ಚಾರ್ಟ್‌ಗೆ ಬಲ ಬಂದದ್ದು ಅವರಿಂದ. 1877ರಲ್ಲಿ ತೀರಿಕೊಂಡರು.

ನಾವು ಮರೆತದ್ದು

ಅವರು ಸರಾಸರಿ ಎಂದು ಕೊಟ್ಟದ್ದು 37 ಡಿಗ್ರಿ ಸೆಲ್ಸಿಯಸ್. ಅದನ್ನು ಫ್ಯಾರನ್‌ಹೀಟ್‌ಗೆ ತಿರುಗಿಸಿದಾಗ 98.6 ಆಯಿತು. ಆ ದಶಾಂಶದಿಂದಾಗಿಯೇ ಅಂಕಿ ಅಷ್ಟು ನಿಖರ ಅನ್ನಿಸುತ್ತದೆ. ಬೆಳಗಿನ ಜಾವ ಮೈಬಿಸಿ ಕಡಿಮೆ, ಸಂಜೆ ಹೆಚ್ಚು ಎಂದು ಅವರೇ ಬರೆದಿದ್ದರು. ಜ್ವರದ ಗಡಿಯನ್ನು 100.4ಕ್ಕೆ, ಅಂದರೆ 38 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟಿದ್ದರು. ನಾವು ಸರಾಸರಿಯನ್ನೇ ಗಡಿ ಮಾಡಿಕೊಂಡೆವು.

1992ರಲ್ಲಿ ಅಮೆರಿಕದಲ್ಲಿ 148 ಆರೋಗ್ಯವಂತರನ್ನು ಬಾಯಲ್ಲಿ ಥರ್ಮಾಮೀಟರ್ ಇಟ್ಟು ಅಳೆದಾಗ ಸರಾಸರಿ 98.2 ಬಂತು. ವುಂಡರ್‌ಲಿಶ್ ಬಳಸಿದ್ದರೆನ್ನುವ ಥರ್ಮಾಮೀಟರ್ ಪರೀಕ್ಷಿಸಿದಾಗ ಅದು ಒಂದು ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚು ತೋರಿಸುತ್ತಿತ್ತು. ಅಂದರೆ ಉಪಕರಣ, ಜಾಗ, ಸಮಯ ಮೂರೂ ಅಂಕಿಯನ್ನು ಬದಲಿಸುತ್ತವೆ.

ಆಪರೇಷನ್ ಥಿಯೇಟರ್‌ನಲ್ಲಿ

ಇದು ಪ್ರಾಣದ ಪ್ರಶ್ನೆಯಾಗುವುದು ಮಕ್ಕಳ ಆಪರೇಷನ್ ವೇಳೆ. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ಹರವು ಹೆಚ್ಚು, ಹಾಗಾಗಿ ಮೈ ಬೇಗ ತಣ್ಣಗಾಗುತ್ತದೆ. ಅರಿವಳಿಕೆ ಕೊಟ್ಟಾಗ ರಕ್ತನಾಳ ಹಿಗ್ಗಿ ಒಳಗಿನ ಬಿಸಿ ಚರ್ಮದ ಕಡೆ ಹರಿಯುತ್ತದೆ. ಒಳಗೆ ತಣ್ಣಗಾಗುತ್ತಿದ್ದರೂ ಚರ್ಮ ಬೆಚ್ಚಗೇ ಇರಬಹುದು. ಒಳಬಿಸಿ 36 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ರಕ್ತಸ್ರಾವ, ಗಾಯದ ಸೋಂಕು ಹೆಚ್ಚಬಹುದು, ಎಚ್ಚರವಾಗುವುದೂ ತಡವಾಗಬಹುದು. ಅಪರೂಪಕ್ಕೆ ಕೆಲವು ಮಕ್ಕಳಲ್ಲಿ ಅರಿವಳಿಕೆ ಔಷಧದಿಂದಲೇ ಮೈಬಿಸಿ ಅಪಾಯಕಾರಿಯಾಗಿ ಏರುವುದೂ ಉಂಟು.

ಅದಕ್ಕೇ ದೊಡ್ಡ ಆಪರೇಷನ್‌ಗಳಲ್ಲಿ ಅನ್ನನಾಳದಲ್ಲೋ ಮೂಗಿನ ಹಿಂಭಾಗದಲ್ಲೋ ಸಣ್ಣ ತಂತಿಯಂಥ ಸೆನ್ಸರ್ ಇಟ್ಟು ಒಳಬಿಸಿ ನೋಡುತ್ತಾರೆ. ಗುದದ್ವಾರದ ಅಳತೆಯೂ ಒಳಬಿಸಿಗೆ ಹತ್ತಿರ, ಆದರೆ ಬದಲಾವಣೆ ತಡವಾಗಿ ತೋರುತ್ತದೆ. ಕಂಕುಳ ಅಳತೆ ಸಾಮಾನ್ಯವಾಗಿ ಒಳಬಿಸಿಗಿಂತ ಕಡಿಮೆ ಬರುತ್ತದೆ. ತೋಳು ಮೈಗೆ ಒತ್ತಿಕೊಂಡಿದ್ದರೆ ಮಾತ್ರ ಅದು ನಂಬಿಕೆಗೆ ಅರ್ಹ. ಹಣೆಯ ಅಳತೆ ಮೇಲೆ ಬೀಸುವ ಗಾಳಿಗೂ ಬದಲಾಗುತ್ತದೆ.

ಮನೆಯಲ್ಲಿ ಏನು ಮಾಡಬೇಕು?

• ಪ್ರತಿ ಸಲ ಅದೇ ಥರ್ಮಾಮೀಟರ್, ಅದೇ ಜಾಗ. ಅಂಕಿಯ ಜೊತೆ ಸಮಯವನ್ನೂ ಬರೆದಿಡಿ.
• ಬಿಸಿಲಿನಿಂದ ಬಂದ ಕೂಡಲೇ, ಸ್ನಾನವಾದ ಕೂಡಲೇ ಅಳೆಯಬೇಡಿ.
• 3 ತಿಂಗಳೊಳಗಿನ ಕೂಸಿಗೆ 100.4 ಅಥವಾ ಹೆಚ್ಚು ಬಂದರೆ ಮನೆಮದ್ದು ಬೇಡ, ತಕ್ಷಣ ವೈದ್ಯರ ಬಳಿ ಹೋಗಿ. ಕೂಸಿನ ಮೈ ತಣ್ಣಗಾಗಿದ್ದರೂ ಅಷ್ಟೇ ತುರ್ತು.
• ಮಗು ಹಾಲು ಕುಡಿಯದೆ ಮಂಕಾಗಿದ್ದರೆ ಅಂಕಿ ಎಷ್ಟೇ ಇರಲಿ, ಕಾಯಬೇಡಿ.

ಇನ್ನು ಮುಂದೆ ಗ್ರೂಪಿನಲ್ಲಿ ಯಾರಾದರೂ ಮಗುವಿಗೆ 99 ಇದೆ ಎಂದು ಗಾಬರಿಯಾದರೆ, ಎಲ್ಲಿ ಅಳೆದಿರಿ, ಯಾವಾಗ ಅಳೆದಿರಿ, ಮಗು ಹೇಗಿದೆ ಎಂದು ಮೊದಲು ಕೇಳಿ.